ಒಳಗಿರೋದು ಬರೀ ಕೈ

ಗಂಟಲು ನೆಟ್ಟಗಿದ್ದ ಕಾಲದಲ್ಲಿ ತಿಯೆನ್ಸು ಬೊಂಬೆಯಾಟದ ಸೇನಾಪತಿಯ ದನಿ ತೆಗೆದು ಗುಡುಗಿದನೆಂದರೆ, ತೈನಾನ್ ಬಂದರಿನ ಹಡಗುಗಳು ಹಗ್ಗ ಕಿತ್ತುಕೊಂಡು ಹೊರಡುತ್ತಿದ್ದವು. ರಾಜಕುಮಾರಿಯ ದನಿಯಲ್ಲಿ ಅತ್ತನೆಂದರೆ ಸಂತೆಯ ಬುಟ್ಟಿಗಳಲ್ಲಿ ಸತ್ತು ಬಿದ್ದ ಮೀನುಗಳೂ ಕಣ್ಣೊರೆಸಿಕೊಳ್ಳುತ್ತಿದ್ದವು. ನಂಬದವರು ಎದ್ದು ಹೋಗಬಹುದು. ಅವನೊಬ್ಬನ ಬಾಯಲ್ಲಿ ಒಂದು ಇಡೀ ಊರು ಸಂಸಾರ ಹೂಡಿತ್ತು.

ಅವನ ಹೆಂಡತಿ ಗ್ವೇಹಾ ಪಕ್ಕದಲ್ಲಿ ನಿಂತು ಬೊಂಬೆಗಳನ್ನು ಕೈಗೆ ತೊಟ್ಟು ಕುಣಿಸುತ್ತಿದ್ದಳು. ಅವಳು ‘ಎರಡನೇ ಕೈ’. ಎರಡನೇ ಕೈಯಾದವರು ಆಟದಲ್ಲಿ ಮಾತಾಡುವ ಪದ್ಧತಿಯಿಲ್ಲ. ಮದುವೆಯಾದಾಗಿನಿಂದ ಅವಳು ಪರದೆಯ ಹಿಂದೆ ಕೆಮ್ಮಿದ್ದು ಕೂಡ ಇಲ್ಲ.

ಆಮೇಲೆ ಲೋಕವನ್ನೆಲ್ಲ ಮನೆಯೊಳಗೆ ಕೂರಿಸಿದ ಆ ರೋಗ ಬಂತು. ಆಸ್ಪತ್ರೆಯವರು ತಿಯೆನ್ಸುವಿನ ಗಂಟಲಿಗೆ ನಳಿಗೆ ಇಳಿಸಿ ಅವನ ಜೀವ ಉಳಿಸಿದರು. ಒಳಗಿದ್ದ ಊರು ಮಾತ್ರ ಖಾಲಿಯಾಯಿತು. ಮನೆಗೆ ಬಂದವನ ದನಿ ಎಣ್ಣೆ ಕಾಣದ ಬಾಗಿಲ ಕೀಲಿನಂತೆ ಕಿರುಗುಡುತ್ತಿತ್ತು. ದೇವಸ್ಥಾನಗಳಿಗೆ ಬೀಗ ಬಿದ್ದು ಆಟಗಳು ನಿಂತವು. ರಂಗವಾಗಿ ಬಿಚ್ಚಿಕೊಳ್ಳುತ್ತಿದ್ದ ಅವರ ಲಾರಿಯೊಳಗೆ ಇಲಿಗಳು ಮೊಮ್ಮಕ್ಕಳನ್ನು ಕಂಡವು. ಲಾರಿ ಮಾರದೆ ವಿಧಿಯಿಲ್ಲ ಅನ್ನುವ ಹಂತಕ್ಕೆ ಬಂದಾಗ, ರೋಗದಿಂದ ನೆಲಕಚ್ಚಿದ ಕಲೆಗಳನ್ನು ಎತ್ತಿ ನಿಲ್ಲಿಸಲು ಹಣ ಕೊಡುವುದಾಗಿ ನಗರಾಡಳಿತ ಸಾರಿತು. ತಂಡ ವರ್ಷವಿಡೀ ಉಸಿರಾಡುವಷ್ಟು ಹಣ. ದೇವರ ಮುಂದೆ ಆಡುವ ಒಂದು ಆಟವನ್ನು ಇಬ್ಬರು ಪರೀಕ್ಷಕರು ಬಂದು ನೋಡುತ್ತಾರೆ. ಮಾತೆಲ್ಲ ಅಲ್ಲೇ ಬಾಯಿಂದ ಬರಬೇಕು, ಮುದ್ರಿಸಿದ ದನಿ ಕೂಡದು. ನ್ಯಾಯವಾದ ಷರತ್ತೇ. ಬದುಕಿರುವ ಕಲೆಗೆ ತಾನೇ ಅನ್ನ ಹಾಕಬೇಕು.

ಗ್ವೇಹಾಗೆ ಎಲ್ಲ ಪಾತ್ರಗಳ ಮಾತೂ ಬಾಯಿಪಾಠವಾಗಿತ್ತು. ಅಡುಗೆಮನೆಯಲ್ಲಿ ಸೌಟು ಹಿಡಿದು ಆಡಿ ನೋಡಿದಳು. ಸೇನಾಪತಿ ಬಾಯಿ ತೆರೆದರೆ ಎಲೆಕೋಸಿಗೆ ಚೌಕಾಸಿ ಮಾಡುವವಳ ದನಿ ಬಂತು. ತಿಯೆನ್ಸು ನಗಲಿಲ್ಲ. ಅವನು ನಕ್ಕಿದ್ದರೇ ವಾಸಿಯಿತ್ತು ಅನಿಸಿತು ಅವಳಿಗೆ.

“ಕ್ಯಾಸೆಟ್ ಹಾಕೋಣ ಕಣೇ. ಪರದೆ ಹಿಂದೆ ಯಾರು ಬಗ್ಗಿ ನೋಡ್ತಾರೆ?” ಅಂದ ಅವನು.

“ಸಿಕ್ಕಿಬಿದ್ರೆ ಏನ್ರೀ ಮಾಡೋದು?”

“ನನ್ನ ದನೀನ ನಾನೇ ಕದ್ರೆ ಅದ್ಹೆಂಗೇ ಕಳ್ತನ ಆಗುತ್ತೆ?”

ಈಗ ಪರೀಕ್ಷೆಯ ಆಟ ನಡೆಯಬೇಕಿದ್ದ ದೇವಸ್ಥಾನದ ಅಂಗಳದಲ್ಲೇ ಎಷ್ಟೋ ವರ್ಷಗಳ ಹಿಂದೆ ಆಡಿದ ಆಟದ ಕ್ಯಾಸೆಟ್ಟೊಂದು ಅವರ ಬಳಿಯಿತ್ತು. ಅದನ್ನು ಮೊದಲೇ ಹಾಕಿ ಕೇಳಬೇಕಿತ್ತು. ತನ್ನ ಹಳೆಯ ದನಿ ಕೇಳುವ ಎದೆ ತಿಯೆನ್ಸುವಿಗಿರಲಿಲ್ಲ. ಕೇಳು ಎನ್ನುವ ಎದೆ ಗ್ವೇಹಾಗೂ ಇರಲಿಲ್ಲ.

ಆಟದ ದಿನ ಮಧ್ಯಾಹ್ನ ಅಂಗಳದಲ್ಲಿ ಕೆಂಪು ಸ್ಟೂಲುಗಳನ್ನು ಹಾಕಿದ್ದರು. ಮೊದಲೆಲ್ಲ ಅಲ್ಲಿ ಕೂರುತ್ತಿದ್ದ ಮುದುಕರಲ್ಲಿ ಕೆಲವರು ಈಗ ಇರಲಿಲ್ಲ. ಪರೀಕ್ಷಕರಾದ ಲಿಮ್ ಮೇಡಂ ಮತ್ತು ಒಬ್ಬ ಹಿರಿಯರು ಬದಿಯಲ್ಲಿ ಕುಳಿತರು. ಡೋಲು ಬಡಿಯಿತು. ಕ್ಯಾಸೆಟ್ಟಿನಲ್ಲಿ ಸೇನಾಪತಿ ಗುಡುಗಿದ ರಭಸಕ್ಕೆ ಬೀದಿಯ ಆ ತುದಿಯಲ್ಲಿದ್ದ ಕ್ಷೌರಿಕನ ಗಿರಾಕಿ ಅರ್ಧ ಮೀಸೆಯಲ್ಲೇ ಓಡಿ ಬಂದ. ಹಿರಿಯ ಪರೀಕ್ಷಕರು ತಲೆದೂಗಿದರು. ಗ್ವೇಹಾಳ ಕೈಗೆ ಹಳೆಯ ಚುರುಕು ಬಂತು. ತಿಯೆನ್ಸು ಬಾಯಿಬಿಟ್ಟುಕೊಂಡು ತನ್ನನ್ನೇ ಕೇಳುತ್ತಿದ್ದ.

ಆಗ ವಿದೂಷಕ ಬಂದ. ವಿದೂಷಕನಾದವನು ಮುಂದಿನ ಸಾಲಿನವರನ್ನು ಕೆಣಕಲೇಬೇಕು, ಅದು ಪದ್ಧತಿ.

“ಅಲ್ಲಿ ಗೊರಕೆ ಹೊಡೀತಿರೋನು ಯಾರಯ್ಯಾ, ಅಸೆಂಗಾ? ನಿನ್ನ ಪಾಯಸದಲ್ಲಿ ಕಡಲೆಕಾಯಿ ಹುಡ್ಕೋಕೆ ಬಲೆ ಹಾಕಿಸ್ಬೇಕು ಕಣೋ.”

ಅದರ ಹಿಂದೆಯೇ ಕ್ಯಾಸೆಟ್ಟಿನೊಳಗಿಂದ ಇನ್ನೊಬ್ಬನ ದನಿ ಬಂತು: “ಕುಡಿಯೋಕೆ ನಿಂಗೆ ಹೊಟ್ಟೆ ಎಲ್ಲಿದೆಯೋ ಬೊಂಬೆ? ಒಳಗಿರೋದು ಬರೀ ಕೈ!” ಆಮೇಲೆ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ನಗು.

ದೇವಸ್ಥಾನದ ಬಾಗಿಲಲ್ಲಿ ಕಡಲೆಕಾಯಿ ಪಾಯಸ ಮಾರುತ್ತಿದ್ದ ಅಸೆಂಗ್ ಆ ರೋಗದಲ್ಲೇ ಸತ್ತಿದ್ದ. ಅಂಗಳದವರೆಲ್ಲ ಒಟ್ಟಿಗೇ ಆ ಬಾಗಿಲ ಕಡೆ ತಿರುಗಿದರು. ತಿಯೆನ್ಸು ಯಂತ್ರ ನಿಲ್ಲಿಸಿದ.

ಲಿಮ್ ಮೇಡಂ ಪರದೆಯ ಹಿಂದೆ ಬಂದರು. ಅವರು ಬೈಯಲಿಲ್ಲ. “ಗುರುಗಳೇ, ಹಳೇ ನೆನಪಿಗೆ ಒಂದು ತುಣುಕು ಹಾಕಿದ್ರಿ ಅಂದ್ಕೋತೀವಿ. ಇನ್ಮುಂದೆ ನಿಮ್ಮ ಬಾಯಿಂದಾನೇ ಆಡ್ಸಿ. ದನಿ ಹೆಂಗಿದ್ರೂ ಪರ್ವಾಗಿಲ್ಲ. ಕ್ಯಾಸೆಟ್ ಮಾತ್ರ ಮತ್ತೆ ಹಾಕ್ಬೇಡಿ,” ಅಂದರು.

ಅವರ ಬೆನ್ನಿಗೇ ಅಸೆಂಗನ ಹೆಂಡತಿ ಗಿಂಬಿ ಬಂದು ನಿಂತಳು. ಗಂಡನನ್ನು ಆಸ್ಪತ್ರೆಯ ಗಾಡಿಗೆ ಹತ್ತಿಸಿದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಆಮೇಲೆ ಕೈಗೆ ಸಿಕ್ಕಿದ್ದು ಬೂದಿಯ ಭರಣಿ.

“ಅಣ್ಣಾ, ಇನ್ನೊಂದ್ಸಲ ಹಾಕ್ತೀಯಾ?”

ಮುಚ್ಚಿಡುವುದೇಕೆ, ಗ್ವೇಹಾ ಗಂಡನತ್ತ ನೋಡಿ ಬೇಡವೆಂದು ತಲೆಯಾಡಿಸಿದಳು. ನಾಳೆ ಗಿಂಬಿಯ ಮನೆಗೇ ಹೋಗಿ ದಿನವಿಡೀ ಕೇಳಿಸೋಣ, ಇವತ್ತೊಂದು ದಿನ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು. ತಿಯೆನ್ಸು ಗಿಂಬಿಯ ಮುಖವನ್ನೇ ನೋಡುತ್ತಿದ್ದ. ಬೆರಳು ಯಂತ್ರದ ಮೇಲಿತ್ತು. ಟೇಪು ಹಿಂದಕ್ಕೆ ಸುತ್ತುವ ಸದ್ದು ಕೇಳಿತು.

ದನಿಯೊಂದು ಬೊಂಬೆಯಿಲ್ಲದೆ ಗಾಳಿಯಲ್ಲಿ ತೂಗಬಾರದೆಂದು ಗ್ವೇಹಾ ವಿದೂಷಕನನ್ನು ಮೇಲೆತ್ತಿದಳು. ಕೆಣಕು, ಉತ್ತರ, ನಗು. ಗಿಂಬಿ ಇನ್ನೊಮ್ಮೆ ಕೇಳಿದಳು. ಅವನು ಹಾಕಿದ. ಮೂರನೆಯ ಸಲ ನಗು ಮುಗಿಯುವ ಮೊದಲೇ ಗಿಂಬಿ ಧ್ವನಿವರ್ಧಕದ ಕಡೆ ತಿರುಗಿ ಗದರಿದಳು:

“ಸಾಕು ನಡಿ ಮನೆಗೆ. ಪಾಯಸ ತಣ್ಣಗಾಯ್ತು.”

ಲಿಮ್ ಮೇಡಂ ಕಣ್ಣೊರೆಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು. ನಿಯಮ ನಿಯಮವೇ. ಹೋಗುವಾಗ ಪರೀಕ್ಷಕರಿಬ್ಬರೂ ದೇವರಿಗೂ ಪರದೆಗೂ ಬಗ್ಗಿ ನಮಸ್ಕರಿಸಿದರು. ತಿಯೆನ್ಸು ಕ್ಯಾಸೆಟ್ಟನ್ನು ಹೊರತೆಗೆದು ಗಿಂಬಿಯ ಕೈಗಿಟ್ಟ. ಸೇನಾಪತಿ, ರಾಜಕುಮಾರಿ, ಹಡಗುಗಳನ್ನು ಓಡಿಸಿದ ಆ ಊರೆಲ್ಲ ಅವಳ ಕೈಚೀಲದಲ್ಲಿ ಅಂಗಳ ದಾಟಿ ಹೋಯಿತು.

ದೇವರ ಮುಂದೆ ಹೂಡಿದ ಆಟವನ್ನು ಅರ್ಧಕ್ಕೆ ಬಿಡುವಂತಿಲ್ಲ. ಡೋಲಿನವನು ಮತ್ತೆ ಶುರುಮಾಡಿದ. ಗ್ವೇಹಾ ಒಂದು ಕೈಗೆ ಸೇನಾಪತಿಯನ್ನೂ ಇನ್ನೊಂದಕ್ಕೆ ರಾಜಕುಮಾರಿಯನ್ನೂ ತೊಟ್ಟಳು. ಅಂಗಳದವರಿಗೆ ಕಂಡದ್ದು ಮಾತಿಲ್ಲದ ಬೊಂಬೆಗಳು. ಪಕ್ಕದಲ್ಲಿ ತಿಯೆನ್ಸುವಿನ ತುಟಿ ಆಡುತ್ತಿತ್ತು. ಪಾತ್ರಗಳ ದನಿ ತೆಗೆಯಹೋದರೆ ಗಂಟಲಿಂದ ಬರುತ್ತಿದ್ದದ್ದು ಬರೀ ಗಾಳಿ. ಆ ಗಾಳಿ ಎಲ್ಲಿ ಏರಿತು, ಎಲ್ಲಿ ನಿಂತಿತು ಎಂಬುದನ್ನು ಕಿವಿಗೊಟ್ಟು ಕೇಳುತ್ತ, ಅದಕ್ಕೆ ಸರಿಯಾಗಿ ಅವಳು ಕೈ ಆಡಿಸಿದಳು.