ಕೊನೆಯ ಸೆಟ್ಟಿನ ಒಡ್ಡೋಲಗ

ಕಿಶೋರ ಚೆಂಡನ್ನು ಬಾಯಿಗೆ ಅಡ್ಡ ಹಿಡಿದು ಪ್ರತಿಭಾಳ ಕಿವಿಯ ಹತ್ತಿರ ಏನೋ ಹೇಳಿದ. ಹುಡುಗಿ ತಲೆ ತಗ್ಗಿಸಿ ನಕ್ಕಳು. ಚೆಂಡನ್ನು ನೆಲಕ್ಕೆ ಕುಟ್ಟುತ್ತ ಸರ್ವ್ ಮಾಡುವ ಗೆರೆಯ ಕಡೆ ನಡೆದಳು. ಅಂಕಣದ ಪಕ್ಕದ ಬೆಂಚಿನಲ್ಲಿ ಕೂತಿದ್ದ ಕ್ಯಾಪ್ಟನ್ ರಮ್ಯಶ್ರೀ ಟವೆಲ್ಲನ್ನು ಮೊಣಕಾಲ ಮೇಲೆ ಹಾಸಿ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

ಡಬಲ್ಸ್ ಆಡುವವರು ಹೀಗೆ ಬಾಯಿ ಮುಚ್ಚಿ ಮಾತಾಡುವುದು ಎದುರಿನವರಿಗೆ ತುಟಿ ಕಾಣಬಾರದೆಂದು. ಸರ್ವ್ ಎಲ್ಲಿಗೆ ಹಾಕಬೇಕು, ನೆಟ್ಟಿನ ಹತ್ತಿರ ಯಾರು ಯಾವ ಕಡೆ ದಾಟಬೇಕು, ಇಂಥ ಗುಟ್ಟುಗಳು. ಟೀವಿ ನೋಡಿದವರೆಲ್ಲ ಹಾಗೆಂದೇ ತಿಳಿದಿದ್ದಾರೆ. ಆದರೆ ಕಿಶೋರ ಇಷ್ಟು ವರ್ಷ ತನ್ನ ಜೋಡಿಯಾಗಿದ್ದ ರಮ್ಯಶ್ರೀಯ ಕಿವಿಯಲ್ಲಿ ಹೇಳಿದ್ದರಲ್ಲಿ ಟೆನಿಸ್ಸಿಗೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. "ಅಂಪೈರನ ಚಡ್ಡಿ ನೋಡಿದ್ಯನೇ? ಶಾಮಿಯಾನದ ಬಟ್ಟೆ ಮಿಕ್ಕಿದ್ರಲ್ಲಿ ಹೊಲಿಸಿದ್ದು." "ಎದುರಿನ ಕೂಸು ಸರ್ವ್ ಮಾಡಕಾದ್ರೆ ಅಪ್ಪೆಮಿಡಿ ಕಚ್ಚಿದಂಗೆ ಮುಖ ಮಾಡ್ತು, ನೋಡು." ಒಮ್ಮೆ ಹುಬ್ಬಳ್ಳಿಯಲ್ಲಿ ಪಂದ್ಯದ ಕೊನೆಯ ಪಾಯಿಂಟಿಗೆ ನಿಂತಿದ್ದಾಗ, ಎದುರಿನ ಜೋಡಿ ಇದೇನು ವ್ಯೂಹವೋ ಎಂದು ಬೆವರುತ್ತಿದ್ದಾಗ, ಅವನು ಹೇಳಿದ್ದು, "ಮನೆಗೆ ಕೊತ್ತಂಬರಿ ಸೊಪ್ಪು ತಗಂಡು ಹೋಗವು, ನೆನಪು ಮಾಡು." ಅವಳು ನಗು ನುಂಗಿಕೊಂಡು ಹೊಡೆದ ಸರ್ವನ್ನು ಎದುರಿನವರು ಮುಟ್ಟಲೇ ಇಲ್ಲ.

ಇದರಲ್ಲಿ ಮನೆಯವರು ಮುಖ ಗಂಟಿಕ್ಕಿಕೊಳ್ಳುವಂಥದ್ದು ಯಾವುದೂ ಇರಲಿಲ್ಲ. ರಮ್ಯಶ್ರೀಯ ಗಂಡ ಚಿರಂತನ ದನದ ಡಾಕ್ಟರು. ಊರಲ್ಲಿ ನಡೆಯುವ ಪ್ರತಿ ಪಂದ್ಯಕ್ಕೂ ಬಂದು, ಎಲೆಯಡಿಕೆಯ ಕವಳ ಹಾಕಿಕೊಂಡು, ಮುಂದಿನ ಸಾಲಿನಲ್ಲಿ ಕೂತು, ಅರ್ಧಕ್ಕೇ ತೂಕಡಿಸುತ್ತಿದ್ದ. ಕಿಶೋರನ ಹೆಂಡತಿ ಅಭಿಜ್ಞಾ ವರ್ಷಕ್ಕೊಮ್ಮೆ ಡಬ್ಬದ ತುಂಬ ಸಿಹಿ ತೊಡದೇವು ಕಳಿಸುತ್ತಿದ್ದಳು, ಡಬ್ಬ ಖಾಲಿ ವಾಪಸು ಹೋಗಬಾರದೆಂದು ಇವಳು ಹಪ್ಪಳ ತುಂಬುತ್ತಿದ್ದಳು. ಕಿಶೋರ ಹೆಂಡತಿಗೆ ಹೇಳುವ ಯಾವ ಮಾತಿನ ಮೇಲೂ ರಮ್ಯಶ್ರೀಗೆ ಕಣ್ಣಿರಲಿಲ್ಲ. ಅವಳದೆಂದು ಇದ್ದುದು ಚೆಂಡಿನ ಹಿಂದಿನ ಮಾತು. ಅದು ಈಗ ಕಿರವತ್ತಿಯ ಹುಡುಗಿ ಪ್ರತಿಭಾಳ ಕಿವಿಗೆ ಹೋಗುತ್ತಿತ್ತು.

ತಂಡ ಹುಟ್ಟಿದಾಗಿನಿಂದ ಅದರಲ್ಲಿ ಉಳಿದಿದ್ದವರು ಅವರಿಬ್ಬರೇ. ಸಹ್ಯಾದ್ರಿ ಟೆನಿಸ್ ಲೀಗ್ ಶುರುವಾದಾಗ ಶಿರಸಿಯ ತಂಡವನ್ನು ಕೊಂಡವರು ಅಡಿಕೆ ವ್ಯಾಪಾರಿ ದೇವರು ಹೆಗಡೆ ಎಂಬವರು. ಅದಕ್ಕೆ ಮುಂಚೆ ಅವರು ಯಕ್ಷಗಾನ ಮೇಳ ನಡೆಸಿ ಕೈ ಸುಟ್ಟುಕೊಂಡಿದ್ದರು. ಟೆನಿಸ್ಸಿನಲ್ಲಿ ಊಟಕ್ಕೆ ಹಾಕಬೇಕಾದವರ ಸಂಖ್ಯೆ ಕಡಿಮೆ, ಭಾಗವತರು ಮುನಿಸಿಕೊಳ್ಳುವ ಪ್ರಶ್ನೆಯೇ ಇಲ್ಲ ಎಂದು ಯಾರೋ ಹೇಳಿದ್ದು ಅವರಿಗೆ ಹಿಡಿಸಿತು. ಆದರೆ ಮೇಳ ಬಿಟ್ಟರೂ ಮೇಳದ ಚಟ ಬಿಡಲಿಲ್ಲ. ಆಟಗಾರರು ಅಂಕಣಕ್ಕೆ ಇಳಿಯುವಾಗ ಚಂಡೆ ಬಾರಿಸುವ ಪದ್ಧತಿ ತಂದರು. ಸಿಂಗಲ್ಸ್ ಆಡುವವನನ್ನು ಎಲ್ಲರೆದುರು "ನಮ್ಮ ಎರಡನೇ ವೇಷ" ಎಂದು ಕರೆದರು. ಬೆಂಗಳೂರಿನಿಂದ ಬಂದಿದ್ದ ಆ ಹುಡುಗ, ಮೇಳದಲ್ಲಿ ಅದು ಮುಖ್ಯ ಪಾತ್ರದ ಹೆಸರೆಂದು ತಿಳಿಯದೆ, ಮೊದಲನೆಯವನು ಯಾರೆಂದು ಸೀಸನ್ ಮುಗಿಯುವ ತನಕ ಹುಡುಕುತ್ತಿದ್ದ.

ಹೆಗಡೆಯವರಿಗೆ ಇದೂ ಸಾಕಾಗಿ ತಂಡ ಸಿದ್ದಾಪುರಕ್ಕೆ ಹೋಯಿತು. ಅಲ್ಲಿ ಪೆಟ್ರೋಲ್ ಬಂಕಿನ ವಿನೋದಾ ಅದನ್ನು ಬಂಕಿನ ಹಾಗೆಯೇ ಶಿಸ್ತಿನಲ್ಲಿ ನಡೆಸಿದರು; ಊರಿನ ಹೆಸರೂ ಎಸ್ ಅಕ್ಷರದಿಂದಲೇ ಶುರುವಾಗುವುದರಿಂದ ಜೆರ್ಸಿ ಬದಲಾಯಿಸುವ ಖರ್ಚು ಬರಲಿಲ್ಲ. ಕೊನೆಗೆ ಯಲ್ಲಾಪುರದಲ್ಲಿ ಲಾರಿಗಳನ್ನಿಟ್ಟಿದ್ದ ಶರಣ ಕೊಂಡ. ಎದೆಯ ಮೇಲಿನ ಎಸ್ ಸಹ್ಯಾದ್ರಿಯದ್ದು ಎಂದು ಜಾಹೀರು ಮಾಡಿದ. ಮನೆ ಮಾರಿದಾಗ ಅಟ್ಟದ ಮೇಲಿನ ಪಾತ್ರೆ ಹೋಗುವಂತೆ ಚಂಡೆಯೂ ತಂಡದ ಜೊತೆ ಬಂತು. ಪಂದ್ಯವಿದ್ದ ದಿನ ಶಿರಸಿಯವರು ಈಗಲೂ ಬಸ್ಸು ಹತ್ತಿ ಯಲ್ಲಾಪುರಕ್ಕೆ ಬರುತ್ತಾರೆ. ಆಟ ನೋಡುವುದಕ್ಕಿಂತ, ತಮ್ಮ ಊರಲ್ಲಿದ್ದಾಗ ಇದೆಲ್ಲ ಎಷ್ಟು ಚಂದವಿತ್ತು ಎಂದು ಯಲ್ಲಾಪುರದವರಿಗೆ ಕೇಳುವಂತೆ ಹೇಳುವುದು ಅವರಿಗೆ ಮುಖ್ಯ. ಹೊಟ್ಟೆಕಿಚ್ಚಿಗೆ ಬಸ್ ಚಾರ್ಜು ಹೆಚ್ಚೆಂದು ಯಾರಿಗೂ ಅನಿಸಿದ್ದಿಲ್ಲ.

ರಮ್ಯಶ್ರೀಯ ಕಾಲು ಉಳುಕಿದ್ದು ಈ ಸೀಸನ್ನಿನ ನಡುವೆ, ಬೆಳಗಾವಿಯಲ್ಲಿ. ಅವಳ ಜಾಗದಲ್ಲಿ ಮಿಕ್ಸೆಡ್ ಡಬಲ್ಸಿಗೆ ಪ್ರತಿಭಾಳನ್ನು ಹಾಕಿದರು. ಹೆದ್ದಾರಿ ಪಕ್ಕದಲ್ಲಿ ಢಾಬಾ ಇಟ್ಟಿರುವ ನೀಲಗಂಗವ್ವನ ಮಗಳು, ಕಾಲೇಜು ಮುಗಿಯಲು ಇನ್ನೊಂದು ವರ್ಷವಿತ್ತು, ಎಡಗೈ ಆಟ. ಜೋಡಿ ಗೆಲ್ಲತೊಡಗಿತು. ಕಾಲು ವಾಸಿಯಾಯಿತೆಂದು ರಮ್ಯಶ್ರೀ ಹೋಗಿ ಹೇಳಿದಾಗ ಶರಣ ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿದ. ಚಹಾ ತರಿಸಿದ್ದು ನೋಡಿಯೇ ಅವಳಿಗೆ ಉತ್ತರ ತಿಳಿಯಿತು.

"ನೀವು ಕ್ಯಾಪ್ಟನ್ ಅದೀರಿ ಮೇಡಂ, ಅದರಾಗ ಎರಡು ಮಾತಿಲ್ಲ. ಆದ್ರ ಜೋಡಿ ಕೂಡಿ ಬಂದೈತಿ. ಕೂಡಿದ್ದನ್ನ ಯಾಕ ಬಿಡಸೂದು, ಹೇಳ್ರಿ?"

"ಮುಂದಿನ ವರ್ಷ?"

"ಲೀಗ್‌ನವರು ಒಬ್ಬಾಕಿನ್ನ ಅಷ್ಟ ಉಳಿಸ್ಕೊಳ್ರಿ ಅಂತಾರ. ಕೊನೀ ಪಂದ್ಯ ಆಗ್ಲಿ, ನೋಡೂಣು."

ಅಂದರೆ ಉಳಿಯುವುದು ಅವಳು ಇಲ್ಲವೇ ಪ್ರತಿಭಾ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಎಮ್ಮೆಯೊಂದರ ಕಾಯಿಲೆ ನೋಡಿ ಆಗತಾನೆ ಬಂದು ಕೈ ತೊಳೆಯುತ್ತಿದ್ದ. "ಎಂತಕ್ಕೆ ಅಷ್ಟು ತಲೆ ಬಿಸಿ ಮಾಡ್ಕತ್ತೆ? ಆಡಿದ್ದು ಸಾಕಾತಿಲ್ಯಾ?" ಎಂದ. ಬೇರೆ ಯಾರಾದರೂ ಹಾಗೆಂದಿದ್ದರೆ ಜಗಳವಾಗುತ್ತಿತ್ತು. ಅವನು ಕೇಳಿದ್ದು ನಿಜವಾಗಿಯೂ ತಿಳಿದುಕೊಳ್ಳಲು. ಅದಕ್ಕೇ ಉತ್ತರಿಸುವುದು ಕಷ್ಟವಾಯಿತು.

ಇವತ್ತಿನದು ಆ ಕೊನೆಯ ಪಂದ್ಯ. ಎದುರು ಧಾರವಾಡದ ತಂಡ. ಈ ಲೀಗಿನಲ್ಲಿ ಸೆಟ್ಟು ಗೆದ್ದದ್ದು ಲೆಕ್ಕಕ್ಕಿಲ್ಲ, ಎಲ್ಲ ಸೆಟ್ಟುಗಳ ಗೇಮು ಕೂಡಿಸಿ ನೋಡುತ್ತಾರೆ. ಕೂಡಿಸಿ ನೋಡಿದರೆ ಕೊನೆಯ ಮಿಕ್ಸೆಡ್ ಸೆಟ್ಟಿಗೆ ಬರುವಾಗ ಎರಡೂ ತಂಡ ಸಮ. ಆ ಸೆಟ್ಟೂ ಉರುಳುತ್ತ ಬಂದು ಈಗ ಪ್ರತಿಭಾಳ ಸರ್ವಿಗೆ ನಿಂತಿತ್ತು. ಈ ಒಂದು ಗೇಮ್ ಹಿಡಿದರೆ ಪಂದ್ಯ ಯಲ್ಲಾಪುರದ್ದು, ಮುಂದಿನ ವರ್ಷದ ಜಾಗ ಆ ಹುಡುಗಿಯದು.

ಲೀಗಿನಲ್ಲಿ ಇನ್ನೊಂದು ನಿಯಮವೂ ಇತ್ತು. ಕ್ಯಾಪ್ಟನ್ ಯಾವ ಪಾಯಿಂಟ್ ಮುಗಿದ ಮೇಲೆ ಬೇಕಾದರೂ ಕೈ ಎತ್ತಿ ತನ್ನ ಕಡೆಯ ಒಬ್ಬರನ್ನು ಬದಲಾಯಿಸಬಹುದು, ಬೇಕಿದ್ದರೆ ತಾನೇ ಇಳಿಯಬಹುದು. ಹೊರಗೆ ಬಂದವರು ಆ ಸೆಟ್ಟಿಗೆ ಮತ್ತೆ ಇಳಿಯುವಂತಿಲ್ಲ. ರಮ್ಯಶ್ರೀ ಈ ವರ್ಷ ಒಮ್ಮೆಯೂ ಕೈ ಎತ್ತಿರಲಿಲ್ಲ. ಅದನ್ನು ಜನ ಅವಳ ದೊಡ್ಡತನವೆಂದುಕೊಂಡಿದ್ದರು. ಅವಳೂ ಹಾಗೆಂದುಕೊಂಡಿದ್ದಳು.

ಮೂವತ್ತು–ಹದಿನೈದು. ಪ್ರತಿಭಾ ಸರ್ವ್ ಮಾಡಿದಳು, ಚೆಂಡು ನೆಟ್ಟಿಗೆ. ಎರಡನೆಯದು ಗೆರೆಯಿಂದ ಒಂದು ಗೇಣು ಆಚೆ. ಡಬಲ್ ಫಾಲ್ಟ್. ಮೂವತ್ತು ಸಮ. ಶಿರಸಿಯವರ ಸಾಲಿನಿಂದ "ಅಯ್ಯೋ" ಎಂಬ ಉದ್ಗಾರ ಬಂತು, ಅದರಲ್ಲಿ ಸ್ವಲ್ಪ ಸಂತೋಷವೂ ಇತ್ತು.

ಎಷ್ಟೋ ಜನ ಒಂದು ಡಬಲ್ ಫಾಲ್ಟ್ ಮಾಡುತ್ತಾರೆ, ಮುಂದಿನದು ಸರಿಯಾಗಿ ಹಾಕುತ್ತಾರೆ. ರಮ್ಯಶ್ರೀಗೆ ಅದು ಚೆನ್ನಾಗಿ ಗೊತ್ತಿತ್ತು, ಕೈ ತೊಡೆಯ ಮೇಲೇ ಇತ್ತು. ಆಗ ಕಿಶೋರ ನೆಟ್ಟಿನಿಂದ ಹಿಂದಕ್ಕೆ ಬಂದ. ಚೆಂಡನ್ನು ಬಾಯಿಗೆ ಅಡ್ಡ ಹಿಡಿದ. ಈ ಸಲ ತುಸು ಉದ್ದದ ಮಾತು. ಪ್ರತಿಭಾ ಮೊದಲು ಗಂಭೀರವಾಗಿ ಕೇಳಿದಳು, ಆಮೇಲೆ ರ‍್ಯಾಕೆಟ್ಟಿನಿಂದ ಮುಖ ಮುಚ್ಚಿಕೊಂಡು ಭುಜ ಕುಲುಕುವಷ್ಟು ನಕ್ಕಳು.

ರಮ್ಯಶ್ರೀ ಕೈ ಎತ್ತಿದಳು.

ಅಂಪೈರು ಮೈಕಿನಲ್ಲಿ ಬದಲಿ ಎಂದು ಹೇಳಿ ಮುಗಿಸುವ ಮೊದಲೇ ಚಂಡೆ ಶುರುವಾಯಿತು. ಬೇರೆ ಊರಿನಲ್ಲಾಗಿದ್ದರೆ ಜನ ಕೇಳುತ್ತಿದ್ದರೋ ಏನೋ: ಗೆಲ್ಲುತ್ತಿರುವ ಹುಡುಗಿಯನ್ನು ಕೊನೆಯ ಗೇಮಿನಲ್ಲಿ ಯಾಕೆ ಹೊರಗೆ ಕರೆದರು? ಇಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಮೊದಲು ಬಾಲಗೋಪಾಲರು ಕುಣಿಯುವುದು, ದೊಡ್ಡ ವೇಷ ತಡವಾಗಿ ಒಡ್ಡೋಲಗದ ಅಬ್ಬರದಲ್ಲಿ ಬರುವುದು ಲೋಕದ ನಿಯಮ. ಮುಂದಿನ ಸಾಲಿನಲ್ಲಿದ್ದ ದೇವರು ಹೆಗಡೆಯವರು ತೊಡೆ ತಟ್ಟಿಕೊಂಡರು.

"ಹಾಂ, ಹಿಂಗೆ. ಇಷ್ಟೊತ್ತು ಆಗಿದ್ದು ಪೀಠಿಕೆ. ಒಡ್ಡೋಲಗ ಈಗ."

ಚಿರಂತನ ಎಚ್ಚರಗೊಂಡು ಸುತ್ತ ನೋಡಿದ. "ಎಂತಾತು?"

"ನಿನ್ನ ಹೆಂಡ್ತಿ ಬಂತೋ. ಕಣ್ಬಿಡು."

ಪ್ರತಿಭಾ ಎದುರಿನಿಂದ ಬಂದಳು. ಜೇಬಿನಿಂದ ಚೆಂಡು ತೆಗೆದು ರಮ್ಯಶ್ರೀಯ ಅಂಗೈಗೆ ಹಾಕಿದಳು. ಚೆಂಡು ಬೆಚ್ಚಗಿತ್ತು. ಹುಡುಗಿಯ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ; ಅದನ್ನು ಏನು ಮಾಡುವುದೆಂದು ತಿಳಿಯದೆ ಹಾಗೆಯೇ ಹೊತ್ತುಕೊಂಡು ಬೆಂಚಿನತ್ತ ಹೋದಳು.

ಕಿಶೋರ ಹತ್ತಿರ ಬಂದ. ಚೆಂಡನ್ನು ಬಾಯಿಗೆ ಅಡ್ಡ ಹಿಡಿದ. ರಮ್ಯಶ್ರೀ ನಗಲು ತಯಾರಾಗಿ ಕಿವಿ ಕೊಟ್ಟಳು.

"ನಡುಗೆರೆಗೆ ಹಾಕು. ಆನು ಎಡಕ್ಕೆ ದಾಟ್ತೆ."

"ಮತ್ತೆ?"

"ಮತ್ತೆಂತದೂ ಇಲ್ಲೆ."

ಅವಳು ನಡುಗೆರೆಗೆ ಹಾಕಿದಳು. ಅವನು ಎಡಕ್ಕೆ ದಾಟಿ ಚೆಂಡನ್ನು ಎದುರಿನ ಇಬ್ಬರ ನಡುವೆ ಇಳಿಸಿದ. ಪಾಯಿಂಟು ಬಂತು. ಅವನು ಮತ್ತೆ ಬಂದು, "ಮೈಮೇಲೆ ಹಾಕು" ಎಂದ. ಬಾಯಿಗೆ ಚೆಂಡು ಹಿಡಿದಿದ್ದ, ಕಣ್ಣು ಎದುರಿನವರ ಮೇಲಿತ್ತು. ಧಾರವಾಡದವರಿಗೆ ತಿಳಿಯಬಾರದ ಗುಟ್ಟನ್ನು ಅವನು ಮೊದಲ ಸಲ ಗುಟ್ಟಿನ ಹಾಗೆ ಹೇಳುತ್ತಿದ್ದ. ಅವಳು ಮೈಮೇಲೆ ಹಾಕಿದಳು. ಎದುರಿನವನ ರ‍್ಯಾಕೆಟ್ಟಿನ ಅಂಚಿಗೆ ತಾಗಿದ ಚೆಂಡು ಬೇಲಿಯಾಚೆ ಹೋಯಿತು, ಪಂದ್ಯ ಮುಗಿಯಿತು, ಜನ ಕುರ್ಚಿ ಬೀಳಿಸಿಕೊಂಡು ಎದ್ದರು.

ಶರಣ ಮೈಕು ಹಿಡಿದ. ಹಾವೇರಿಯಿಂದ ತರಿಸಿದ ಏಲಕ್ಕಿ ಹಾರವನ್ನು ರಮ್ಯಶ್ರೀಯ ಕೊರಳಿಗೆ ಹಾಕಿ, "ತಲಿ ಅಂದ್ರ ಇದು. ಒಂದು ಫಾಲ್ಟ್ ಆಗೂದ ತಡಾ ಕೈ ಎತ್ತಿದ್ರು. ಮುಂದಿನ ವರ್ಷಾನೂ ಇವರ ನಮ್ಮ ಕ್ಯಾಪ್ಟನ್" ಎಂದ. ದೇವರು ಹೆಗಡೆಯವರು, ಇದು ಶಿರಸಿಯಲ್ಲಿ ಬಿದ್ದ ಬುನಾದಿ ಎಂದು ಅಕ್ಕಪಕ್ಕದವರಿಗೆ ನೆನಪಿಸಿದರು.

ಆಮೇಲೆ ಜನ ಉಪ್ಪಿಟ್ಟಿನ ಪಾತ್ರೆಯ ಕಡೆ ಹೋದಾಗ ಪ್ರತಿಭಾ ಅವಳ ಪಕ್ಕ ಬಂದು ಕೂತಳು.

"ಚಲೋ ಆತ್ರಿ ಅಕ್ಕಾರ, ನೀವು ಬಂದದ್ದು. ನನ್ನ ಕೈ ನಡಗಾಕ ಹತ್ತಿದ್ವು. ಯಾರಿಗೂ ಕಾಣಬಾರದಂತ ರ‍್ಯಾಕೆಟ್ ಬಿಗಿ ಹಿಡಿದಿದ್ದೆ. ನಿಮಗ ಹೆಂಗ ಗೊತ್ತಾತು?"

ಹುಡುಗಿ ತಾನಾಗಿಯೇ ತಂದುಕೊಟ್ಟ ನೆಪವನ್ನು ಬೇಡವೆನ್ನಲು ರಮ್ಯಶ್ರೀಗೆ ಆಗಲಿಲ್ಲ. "ಗೊತ್ತಾಗ್ತದೆ" ಎಂದಳು. ಬೇರೆಲ್ಲೋ ನೋಡುತ್ತ ಕೇಳಿದಳು: "ಆ ಡಬಲ್ ಫಾಲ್ಟ್ ಆದ್ಮೇಲೆ ಕಿಶೋರ ಎಂತ ಹೇಳ್ದ? ನೀನು ನಕ್ಕೆಯಲ್ಲ."

"ಅದಾ?" ಪ್ರತಿಭಾಳಿಗೆ ಮತ್ತೆ ನಗು ಬಂತು. "ನಿಮ್ಮ ಕತೀನ ರೀ. ನೀವು ಸಿದ್ದಾಪುರದಾಗ ಸಾಲಾಗಿ ಫಾಲ್ಟ್ ಮಾಡಿ, ಕಡೀಕ ಸಿಟ್ಟಿಗೆದ್ದು ಅಂಪೈರ್‌ಗ ನಿನ್ನ ಕುರ್ಚಿ ಓರೆ ಐತಿ ಅಂದಿದ್ರಂತಲ್ಲ? ಅವರು ಇಳಿದು ಕುರ್ಚಿ ನೋಡಿದ್ರಂತ. ನಮ್ಮ ಕ್ಯಾಪ್ಟನ್ನೇ ಹಂಗ ಮಾಡ್ಯಾಳ, ನಿಂದೇನು ದೊಡ್ಡದು ಅಂದ್ರು. ಯಾವಾಗ್ಲೂ ನಿಮ್ಮವ ಹೇಳ್ತಾರ್ರೀ, ಬ್ಯಾರೆ ಏನೂ ಮಾತಾಡೂದಿಲ್ಲ. ನನಗಂತೂ ಎಲ್ಲಾ ಬಾಯಿಪಾಠ ಆಗ್ಯಾವ."

ಇದನ್ನು ಕೇಳಿ ಸಮಾಧಾನವಾಗಬೇಕಿತ್ತು. ರಮ್ಯಶ್ರೀ ಅದಕ್ಕಾಗಿ ತುಸು ಕಾದಳು ಕೂಡ. ಕುರ್ಚಿಯ ಕತೆ ಅವಳು ಗಂಡನಿಗೂ ಹೇಳಿರಲಿಲ್ಲ.

"ಪ್ರತಿಭಾ, ಬಾರೇ. ಆ ಎರಡನೇ ಸರ್ವ್ ಒಂದು ಸಲ ನೋಡನ" ಎಂದು ಅಂಕಣದಿಂದ ಕಿಶೋರ ಕೂಗಿದ. ಹುಡುಗಿ ರ‍್ಯಾಕೆಟ್ ಎತ್ತಿಕೊಂಡು ಓಡಿದಳು. ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುವ ಸದ್ದಿನಲ್ಲಿ ಅವರ ಮಾತು ಕೇಳುತ್ತಿರಲಿಲ್ಲ. ಈಗ ಎದುರಾಳಿ ಯಾರೂ ಇಲ್ಲದ್ದರಿಂದ ಕಿಶೋರ ಬಾಯಿಗೆ ಏನನ್ನೂ ಅಡ್ಡ ಹಿಡಿದಿರಲಿಲ್ಲ.

ಚಿರಂತನ ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಬಂದ. "ಮನೆಗೆ ಹೋಪನ?"

"ಸ್ವಲ್ಪ ತಡಿ" ಎಂದಳು.

ಅವನು ಪಕ್ಕದಲ್ಲಿ ಕೂತ. ಹುಡುಗಿ ಹೊಡೆದ ಚೆಂಡುಗಳು ಗೆರೆಯೊಳಗೆ ಬಿದ್ದು ಎದುರಿನ ಬೇಲಿಯವರೆಗೆ ಉರುಳುತ್ತಿದ್ದವು. ರಮ್ಯಶ್ರೀ ಅತ್ತಲೇ ನೋಡುತ್ತ ಹಾರದಿಂದ ಒಂದು ಏಲಕ್ಕಿ ಕಿತ್ತು ಬಾಯಿಗೆ ಹಾಕಿಕೊಂಡಳು. ಅಗಿದು, ಇನ್ನೊಂದು ಕಿತ್ತಳು. ಎದೆಯ ಮೇಲೆ ಹಾರದ ಮಧ್ಯದಲ್ಲಿ ಬರೀ ದಾರ ಕಾಣತೊಡಗಿತ್ತು.