ಬಿಸಿಲಿಗಿಟ್ಟ ಲೆಟಿ

ಜೇಬೆಜ್ ಕ್ವಾಂಟ್ರಿಲ್ ಬರೆದ ಚಿತ್ರಗಳಲ್ಲಿ ಮನುಷ್ಯರಿಗೆ ಮುಖವೇ ಇರುತ್ತಿರಲಿಲ್ಲ. ಹುಲ್ಲು ಒಟ್ಟುವವರು, ದೋಣಿ ತಳ್ಳುವವರು, ಬೇಲಿ ಕಟ್ಟುವವರು, ಎಲ್ಲರೂ ಬೆನ್ನು ತಿರುಗಿಸಿಕೊಂಡೇ ನಿಂತಿರುತ್ತಿದ್ದರು. ವೇವ್ನಿ ಹೊಳೆಯ ದಂಡೆಯ ಒಂದೊಂದು ಮರವನ್ನೂ ಊರಿನವರು ಗುರುತು ಹಿಡಿಯುವ ಹಾಗೆ ಬರೆಯುತ್ತಿದ್ದ ಮನುಷ್ಯ. ಅವನ ಮೋಡ ನೋಡಿ ಇನ್ನೆಷ್ಟು ಹೊತ್ತಿಗೆ ಮಳೆ ಬರುತ್ತದೆಂದು ಹೇಳಬಹುದಿತ್ತು. ಮುಖ ಮಾತ್ರ ಅವನ ಕೈಗೆ ಬಗ್ಗಲಿಲ್ಲ.

“ನಿನ್ ಯಜಮಾನ್ರ ಮೇಲೆ ಊರೋರಿಗೆಲ್ಲ ಕೋಪ ಏನೇ ಥರ್ಜಾ? ಒಬ್ರೂ ಈ ಕಡೆ ತಿರುಗಲ್ವಲ್ಲ!” ಎಂದು ಪಕ್ಕದ ಮನೆಯ ಬೆಟ್ಸಿ ಲಾರ್ಟರ್ ಬಟ್ಟೆ ಒಗೆಯುತ್ತಾ ಚುಡಾಯಿಸುತ್ತಿದ್ದಳು.

“ತಿರುಗಿದ್ರೆ ನಿನ್ ಮೂತಿ ಕಾಣತ್ತಲ್ಲ, ಅದಕ್ಕೇ,” ಎಂದು ಜೇಬೆಜ್‌ನ ಹೆಂಡತಿ ಥರ್ಜಾ ತಿರುಗೇಟು ಕೊಡುತ್ತಿದ್ದಳು.

ಈ ನಗೆಮಾತೆಲ್ಲ ಅವರ ಮಗಳು ಲೆಟಿ ಬದುಕಿದ್ದ ಕಾಲದ್ದು. ಒಬ್ಬಳೇ ಮಗಳು. ಏಳು ತುಂಬಿದ ವರ್ಷ ಮೇ ತಿಂಗಳಲ್ಲಿ ಗಂಟಲಮಾರಿ ಬಂದು ಐದೇ ದಿನಕ್ಕೆ ಹೋಗಿಬಿಟ್ಟಳು. ಆಗ ಜೇಬೆಜ್ ಡರ್ಬಿಯ ಗುಡ್ಡಗಳಲ್ಲಿ ಯಾರೋ ದೊಡ್ಡವರಿಗೆ ಅವರ ಬಂಗಲೆಯ ಸುತ್ತಲಿನ ಬೆಟ್ಟ ಕಣಿವೆ ಬರೆದುಕೊಡುತ್ತಿದ್ದ. ಕಾಗದ ಕೈಸೇರಿ, ಗಾಡಿ ಹಿಡಿದು, ಅವನು ಬಂದು ಮುಟ್ಟುವಷ್ಟರಲ್ಲಿ ಚರ್ಚಿನ ಹಿಂದಿನ ಗುಂಡಿಗೆ ಮಣ್ಣೂ ಬಿದ್ದು, ಹುಲ್ಲಿನ ಹಾಸೂ ಹೊದಿಸಿಯಾಗಿತ್ತು. ಥರ್ಜಾ ಬಾಗಿಲಲ್ಲಿ ನಿಂತು ಅವನ ಹೆಗಲ ಮೇಲಿನ ಬಣ್ಣದ ಪೆಟ್ಟಿಗೆ ನೋಡಿದಳು.

“ಮೋಡ ಚೆನ್ನಾಗಿ ಬಂದ್ವಾ?” ಎಂದಳು.

ಆಡಿದ ಮಾತು, ಒಡೆದ ಮುತ್ತು. ಆಮೇಲೆ ಅವರು ಜಗಳವಾಡಲಿಲ್ಲ. ಜಗಳವಾಡಿದ್ದರೆ ವಾಸಿ ಇತ್ತು. ಅವಳು ಬೇಯಿಸಿದಳು, ಅವನು ಉಂಡ. ಅವಳು ಮೊದಲಿನಂತೆಯೇ ಕಲ್ಲಿನ ಮೇಲೆ ಬಣ್ಣ ಅರೆದಳು, ಅವನು ಹಚ್ಚಿದ. ಮಗಳ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ.

ಆ ವರ್ಷದ ಚಳಿಗಾಲ ಜೇಬೆಜ್ ಅಟ್ಟದ ಕೋಣೆಯ ಬಾಗಿಲು ಹಾಕಿಕೊಂಡು, ಹೆಂಡತಿಯನ್ನೂ ಒಳಗೆ ಬಿಡದೆ, ಒಂದು ಚಿತ್ರ ಬರೆದ. ಗಿರಣಿಯ ಮಡು, ಸುತ್ತ ಮರ, ನೀರಿನ ಅಂಚಿನಲ್ಲಿ ಲೆಟಿ. ಈ ಕಡೆ ತಿರುಗಿದ ಲೆಟಿ. ಹೆಬ್ಬೆರಳಿನಷ್ಟು ಮುಖ. ಓಡಿ ಬಂದು ಏದುಸಿರು ಬಿಡುತ್ತಿರುವ ಮಗುವಿನ ಕೆಂಪು ಕೆನ್ನೆ. ಜನ್ಮದಲ್ಲಿ ಒಂದು ಮುಖ ಬರೆಯಲಾಗದವನಿಗೆ ಅದೊಂದು ಹೇಗೆ ಒಲಿಯಿತೋ ದೇವರೇ ಬಲ್ಲ. ಚಿತ್ರ ಮುಗಿದ ಮೇಲೆ ಒಳಗೆ ಬಂದ ಥರ್ಜಾ ಅದರ ಎದುರಿಗೇ ನೆಲದ ಮೇಲೆ ಕೂತುಬಿಟ್ಟಳು.

ಮಾರನೆಯ ದಿನ ಅವನು ಆ ಚಿತ್ರವನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ತೂಗುಹಾಕಿದ. ಅಲ್ಲಿ ಕಿಟಕಿಯಿಲ್ಲ. ಹಗಲಲ್ಲೂ ತಡವರಿಸಿಕೊಂಡು ಹೋಗಬೇಕು.

ಥರ್ಜಾಳಿಗೆ ಹೊಟ್ಟೆ ಉರಿದುಹೋಯಿತು. ಮಗು ಸಾಯುವಾಗ ಬರಲಿಲ್ಲ, ಈಗ ಚಿತ್ರದಲ್ಲೂ ನೋಡಲಾಗದೆ ಕತ್ತಲಿಗೆ ತಳ್ಳಿದ್ದಾನೆ ಎಂದುಕೊಂಡಳು. ಕೇಳಬಹುದಿತ್ತು. ನಾಲಿಗೆ ಕಚ್ಚಿಕೊಂಡಳೇ ಹೊರತು ಕೇಳಲಿಲ್ಲ.

ಅವಳಿಗೆ ಆ ಚಿತ್ರ ಬೇಕೇ ಬೇಕಾಗಿತ್ತು. ಯಾಕೆಂದರೆ ಕಣ್ಣು ಮುಚ್ಚಿದರೆ ಅವಳಿಗೆ ಬದುಕಿದ್ದ ಲೆಟಿ ಕಾಣುತ್ತಲೇ ಇರಲಿಲ್ಲ. ಕಾಣುತ್ತಿದ್ದುದು ದಿಂಬಿನ ಮೇಲಿನ ಬಿಳುಚಿದ ಮುಖ, ಅದೊಂದೇ. ಆ ಮುಖ ಉಳಿದೆಲ್ಲ ಮುಖಗಳನ್ನೂ ನುಂಗಿ ಹಾಕಿತ್ತು. ಅದಕ್ಕೇ ಮೇಣದಬತ್ತಿ ಹಿಡಿದು ಓಣಿಗೆ ಹೋಗಿ ಕೆನ್ನೆಯ ಕೆಂಪು ನೋಡಿಕೊಂಡು ಬರುತ್ತಿದ್ದಳು. ಆದರೆ ಅಗಸೆ ಎಣ್ಣೆಯ ಚಿತ್ರ ಕತ್ತಲಲ್ಲಿದ್ದರೆ ಹಳದಿ ತಿರುಗುತ್ತದೆ. ಹದಿನಾಲ್ಕು ವರ್ಷದಲ್ಲಿ ನೀರು, ಮರ, ಲೆಟಿ ಎಲ್ಲಕ್ಕೂ ಕಾಮಾಲೆ ಹಿಡಿದಂತಾಗಿತ್ತು.

ಈ ವರ್ಷ ಏಪ್ರಿಲ್‌ನಲ್ಲಿ ಜೇಬೆಜ್‌ಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ತೊದಲುತ್ತಾ ಮರಳಿತು, ಕೈ ಮರಳಲಿಲ್ಲ. ಇನ್ನೊಂದು ಸಲ ಹೊಡೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಹೋದರು. ಥರ್ಜಾ ಅವತ್ತೇ ನಿರ್ಧಾರ ಮಾಡಿದಳು. ಅವನು ಕಣ್ಣು ಮುಚ್ಚುವುದರೊಳಗೆ ಮಗಳ ಮುಖವನ್ನು ಎದುರಿಗಿಟ್ಟು ತೋರಿಸಲೇಬೇಕು. ತಾನೂ ಒಂದು ಸಲ ಕಣ್ತುಂಬ ನೋಡಲೇಬೇಕು.

ದಾರಿ ಅವಳಿಗೆ ಗೊತ್ತೇ ಇತ್ತು. ಹಳದಿಯಾದ ಚಿತ್ರಗಳನ್ನು ಜೇಬೆಜ್ ಬೇಸಿಗೆಯಲ್ಲಿ ಹೊರಗೆ ಬಿಸಿಲಿಗೆ ಒರಗಿಸುತ್ತಿದ್ದ. ವಾರದಲ್ಲಿ ಹಳದಿ ಹೋಗಿ ಚಿತ್ರ ನಿನ್ನೆ ಬರೆದ ಹಾಗಾಗುತ್ತಿತ್ತು. ಎಷ್ಟು ಚಿತ್ರಗಳನ್ನು ಅವಳೇ ಹೊತ್ತು ಹಾಗೆ ಇಟ್ಟಿದ್ದಳೋ ಲೆಕ್ಕವಿಲ್ಲ. ಜೂನ್ ಬಂದಾಗ ಓಣಿಯಿಂದ ಚಿತ್ರ ಇಳಿಸಿ, ಕೋಳಿಗೂಡಿನ ಪಕ್ಕದ ದಕ್ಷಿಣದ ಗೋಡೆಗೆ ಒರಗಿಸಿದಳು.

“ಏನೇ, ಮಗೂನ ಬಿಸಿಲು ಕಾಯ್ಸೋಕೆ ಕೂರಿಸಿದೀಯಾ?” ಎಂದಳು ಬೇಲಿಯಾಚೆಯಿಂದ ಬೆಟ್ಸಿ.

“ಎಷ್ಟು ವರ್ಷ ಕತ್ತಲಲ್ಲಿ ಕೂತಿತ್ತು, ಪಾಪ.”

ಐದನೆಯ ದಿನ ಮಧ್ಯಾಹ್ನ ಥರ್ಜಾ ಹೋಗಿ ನೋಡಿದರೆ ಲೆಟಿ ಬಂದಿದ್ದಳು. ಹಳದಿಯ ಪೊರೆ ಕಳಚಿ, ಕೆನ್ನೆಗೆ ರಕ್ತ ಏರಿ, ಬಾಯಿ ಬಿಟ್ಟರೆ ಅಮ್ಮಾ ಎನ್ನುವ ಹಾಗೆ ನಿಂತಿದ್ದಳು. ಥರ್ಜಾ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಗಲೇ ಚಿತ್ರವನ್ನು ಒಳಗೆ ತಂದಿದ್ದರೆ! ಆಕಾಶದ ಒಂದು ಮೂಲೆಯಲ್ಲಿ ಇನ್ನೂ ಚೂರು ಹಳದಿ ಉಳಿದಿತ್ತು. ಇನ್ನೆರಡು ದಿನ ಇರಲಿ, ಪೂರ್ತಿ ಹೋಗಲಿ ಎಂದುಕೊಂಡಳು. ಅತಿ ಆಸೆ ಗತಿಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವತ್ತು ಸಂಜೆಯೇ ಜೇಬೆಜ್‌ಗೆ ಎದೆ ಕಟ್ಟಿ ಜ್ವರ ಏರಿತು. ಒಂಬತ್ತು ದಿನ ಅವಳು ಹಾಸಿಗೆ ಬಿಟ್ಟು ಕದಲಲಿಲ್ಲ. ಬೆಟ್ಸಿ ಪಾಪ, ಹೇಳಿಸಿಕೊಂಡ ಹಾಗೆ, ಸಂಜೆ ಚಿತ್ರವನ್ನು ಬಚ್ಚಲಿಗೆ ಒಯ್ದು, ಬೆಳಿಗ್ಗೆ ಮರೆಯದೆ ಹೊರಗಿಡುತ್ತಿದ್ದಳು. ಮೋಡ ಬರೆದೇ ಹೊಟ್ಟೆ ಹೊರೆದವನ ಮನೆಯ ಮೇಲೆ ಆ ಒಂಬತ್ತು ದಿನ ಒಂದು ತುಣುಕು ಮೋಡವೂ ಸುಳಿಯಲಿಲ್ಲ.

ಹತ್ತನೆಯ ದಿನ ಜ್ವರ ಬಿಟ್ಟಿತು. ಥರ್ಜಾ ಹಿತ್ತಲಿಗೆ ಓಡಿದಳು. ಮರ ಚೆನ್ನಾಗಿತ್ತು, ನೀರು ಚೆನ್ನಾಗಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಲೆಟಿಯ ಮುಖ ಬಿಳುಚಿಹೋಗಿತ್ತು. ತುಟಿಯಲ್ಲೂ ಬಣ್ಣವಿಲ್ಲ. ಧೂಳಿರಬೇಕೆಂದು ಏಪ್ರನ್ನಿನ ತುದಿಯಿಂದ ಒರೆಸಿದಳು. ಧೂಳಲ್ಲ. ಅದು ದಿಂಬಿನ ಮೇಲಿದ್ದ ಅದೇ ಮುಖ.

ಬಚ್ಚಿಡೋಣವೆಂದುಕೊಂಡಳು. ಅಷ್ಟರಲ್ಲಿ ಮೇಲೆ ಜೇಬೆಜ್‌ನ ಮಂಚದ ಪಕ್ಕದ ಕಿಟಕಿಯಿಂದ ದನಿ ಬಂತು. “ಥರ್ಜಾ, ಬೆಟ್ಸಿ ದಿನಾ ಏನೋ ಹೊರಗಿಡ್ತಾಳಲ್ಲ, ಏನದು? ತಗೊಂಡ್ ಬಾ.”

ಅವಳು ಹೊತ್ತುಕೊಂಡು ಹೋಗಿ ಅವನ ಹೊದಿಕೆಯ ಮೇಲೆ ಇಟ್ಟಳು.

“ಬಿಸಿಲಿಗಿಟ್ಟಿದ್ದೆ. ನೀನು ಇಡ್ತಿದ್ದ ಹಾಗೇನೇ. ನಿಂಗೆ ತೋರಿಸ್ಬೇಕು ಅಂತ. ನಾನೇನು ತಪ್ಪು ಮಾಡ್ದೆ ಜೇಬೆಜ್?”

ಅವನು ಬಹಳ ಹೊತ್ತು ನೋಡಿದ. “ನಿನ್ ತಪ್ಪಲ್ಲ. ಅವಳ ಕೆನ್ನೆಗೆ ಹಚ್ಚಿದ್ದು ಹುಳದಿಂದ ತೆಗೆಯೋ ಕೆಂಪು.”

“ನಮ್ಮನೇಲಿ ನಾನು ಅದನ್ನ ಅರೆದೇ ಇಲ್ವಲ್ಲ! ಅದು ಓಡಿಹೋಗೋ ಬಣ್ಣ, ಬಿಸಿಲು ಕಂಡ್ರೆ ನಿಲ್ಲಲ್ಲ, ಅದನ್ನ ಹಚ್ಚೋನು ಮೋಸಗಾರ ಅಂತ ನೀನೇ ಬೈತಿದ್ಯಲ್ಲ!”

“ಬೈತಿದ್ದೆ. ಆಮೇಲೆ ನಾನೇ ಗುಟ್ಟಾಗಿ ನಾರ್ವಿಚ್‌ನಿಂದ ತಂದೆ. ಕೆಮ್ಮಣ್ಣು ಹಚ್ಚಿದೆ, ಇಂಗಲೀಕ ಹಚ್ಚಿದೆ, ಎಲ್ಲಾದ್ರಲ್ಲೂ ಮರದ ಗೊಂಬೆ ಥರ ಕಾಣ್ತಿದ್ಲು. ಇದನ್ನ ತೆಳ್ಳಗೆ ಒಂದ್ಸಲ ಎಳೆದೆ ನೋಡು, ಉಸಿರಾಡಿದ್ಲು.” ಅವನು ಉಸಿರೆಳೆದುಕೊಂಡ. “ಓಡಿಹೋಗತ್ತೆ ಅಂತ ಗೊತ್ತಿತ್ತು. ಅದಕ್ಕೇ ಕತ್ತಲಲ್ಲಿ ಇಟ್ಟೆ.”

ಥರ್ಜಾ ಬಾಯಿಗೆ ಕೈ ಒತ್ತಿಕೊಂಡಳು. “ನಿಂಗೆ ಅವಳನ್ನ ನೋಡೋಕಾಗ್ದೆ ಅಲ್ಲಿಟ್ಟೆ ಅಂದ್ಕೊಂಡಿದ್ದೆ ಕಣೋ. ಹದಿನಾಲ್ಕು ವರ್ಷ.”

“ದಿನಾ ನೋಡ್ತಿದ್ದೆ. ನೀನು ಕೋಳಿಗೆ ಕಾಳು ಹಾಕೋಕೆ ಹೋದಾಗ.”

“ಹೇಳ್ಬಾರ್ದಿತ್ತಾ, ಪಾಪೀ?”

“ನೀನು ಕೇಳ್ಬಾರ್ದಿತ್ತಾ?”

ಇಬ್ಬರೂ ಹೇಳಿದ್ದು ಸರಿಯೇ. ಅಷ್ಟು ಚಿಕ್ಕ ಮನೆಯಲ್ಲಿ ಗಂಡ ಹೆಂಡತಿ ಒಬ್ಬರ ಕಣ್ಣು ಒಬ್ಬರು ತಪ್ಪಿಸಿಕೊಂಡು ಒಂದೇ ಮಗುವನ್ನು ನೋಡಲು ಹೋಗುತ್ತಿದ್ದರಲ್ಲ, ಅದಕ್ಕೆ ಏನೆನ್ನಬೇಕು.

“ಮತ್ತೆ ಹಚ್ಚು. ನಾನೇ ಅರೆದು ಕೊಡ್ತೀನಿ. ಎಡಗೈಲಿ ಆಗತ್ತೆ, ನಾನು ಹಿಡ್ಕೋತೀನಿ,” ಎಂದಳು ಥರ್ಜಾ. ಅವನು ಹೊದಿಕೆಯ ಮೇಲೆ ಬಿದ್ದಿದ್ದ ತನ್ನ ಬಲಗೈ ನೋಡಿದ. ಅವಳೂ ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಜೇಬೆಜ್ ಎಡಗೈಯಿಂದ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡ. ಬಿಳಿ ಹಣೆ, ಬಿಳಿ ಕೆನ್ನೆ, ತುಟಿಯಿದ್ದ ಜಾಗ, ಒಂದೊಂದನ್ನೂ ಬಿಡದೆ ನೋಡಿದ. ಆಮೇಲೆ ಕೇಳಿದ, “ಥರ್ಜಾ, ಕೊನೇಲಿ ಹೀಗಿದ್ಲಾ?”

ಈ ಪ್ರಶ್ನೆಯನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಬಾಗಿಲಲ್ಲಿ ಆ ಮೋಡದ ಮಾತಾಡಿ, ಕೇಳಲು ಬಾಯಿಲ್ಲದಂತೆ ಅವಳೇ ಮಾಡಿದ್ದಳು. ಆ ಮುಖವನ್ನು ಇಷ್ಟು ವರ್ಷ ಅವಳೊಬ್ಬಳೇ ಹೊತ್ತಿದ್ದಳು. ಈಗ ಅದು ಅವನ ತೊಡೆಯ ಮೇಲಿತ್ತು, ಅವನು ಅದನ್ನು ಮೊದಲ ಸಲ ನೋಡುತ್ತಿದ್ದ.

“ಹೂಂ. ಹೀಗೇ,” ಎಂದಳು. “ತುಟಿ ಮಾತ್ರ ಇನ್ನೂ ಸ್ವಲ್ಪ ನೀಲಿ ಇತ್ತು.”

ಅವನ ಬಾಯಿ ಒಂದೇ ಪಕ್ಕಕ್ಕೆ ಸೊಟ್ಟಗಾಯಿತು, ಅಳು ಜೋರಾಗಿ ಬಂತು, ನಾಚಿಕೆ ಬಿಟ್ಟು ಬಂತು. ಥರ್ಜಾ ಮಂಚದ ಮೇಲೆ ಅವನ ಪಕ್ಕಕ್ಕೆ ಸರಿದು ಕೂತು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು.

“ಹೇಳು,” ಎಂದ ಅವನು. “ಮೊದಲಿಂದ ಹೇಳು. ಏನೂ ಬಿಡ್ಬೇಡ.”

“ಸೋಮವಾರ ಬೆಳಿಗ್ಗೆ,” ಎಂದು ಶುರುಮಾಡಿದಳು ಥರ್ಜಾ, “ಗಂಜಿ ಇಟ್ಟೆ. ಒಂದು ಚಮಚ ತಗೊಂಡ್ಲು. ಅಮ್ಮಾ, ನುಂಗೋಕೆ ನೋವಾಗತ್ತೆ ಅಂದ್ಲು...”