ಭಾನುವಾರ ತಿಂದದ್ದು

ಹೊಸಹಳ್ಳಿಯ ನಂಜುಂಡಪ್ಪನ ಮಗಳು ನೀಲಮ್ಮನಿಗೆ ಏಳು ತಿಂಗಳು ತುಂಬಿದ ವಾರವೇ ಚಳಿಜ್ವರ ಬಂತು. ಬಲಪಕ್ಕೆಯಲ್ಲಿ ನೋವು ಹಿಡಿದುಕೊಂಡು ಹಾಸಿಗೆಯಲ್ಲಿ ಮುದುಡಿ ಮಲಗಿದಳು. ಅದು ಎಪ್ಪತ್ನಾಲ್ಕರ ಜೂನ್ ತಿಂಗಳ ಒಂದು ಸೋಮವಾರ. ಹತ್ತು ಗಂಟೆಯೊಳಗೆ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ರಾಜಾಜಿನಗರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದಾಯಿತು. ಡಾಕ್ಟರ್ ಅಲಮೇಲು ಹೊಟ್ಟೆ ಒತ್ತಿ ನೋಡಿದರು, ಬೆನ್ನು ತಟ್ಟಿ ನೋಡಿದರು, ಮಗುವಿನ ಎದೆಬಡಿತ ಕೇಳಿದರು. ಆಮೇಲೆ ಹೊರಗೆ ಬಂದರು.

"ಮಗು ಚೆನ್ನಾಗಿದೆ. ಆದರೆ ನೋವು ಯಾಕೆ ಅಂತ ಈಗಲೇ ಹೇಳಕ್ಕಾಗಲ್ಲ. ಅಪೆಂಡಿಕ್ಸ್ ಇರಬಹುದು, ಬೇರೇನಾದ್ರೂ ಇರಬಹುದು. ರಕ್ತ, ಯೂರಿನ್ ಎರಡೂ ಲ್ಯಾಬಿಗೆ ಕಳಿಸಿದೀನಿ. ನಾಳೆ ಮೂರು ಗಂಟೆಗೆ ರಿಪೋರ್ಟ್ ಬರತ್ತೆ. ಅಲ್ಲೀವರೆಗೂ ಗಂಜಿ ಬಿಟ್ಟು ಇನ್ನೇನೂ ಕೊಡಬೇಡಿ."

ಇಷ್ಟು ಮಾತಿನಲ್ಲಿ ನಂಜುಂಡಪ್ಪನ ಕಿವಿಗೆ ಬಿದ್ದದ್ದು ಅಪೆಂಡಿಕ್ಸ್ ಒಂದೇ. ಅಳಿಯ ಚಿಕ್ಕಣ್ಣನನ್ನು ಮೂಲೆಗೆ ಕರೆದ. ಕೆಂಗೇರಿಯ ಚಿಕ್ಕಣ್ಣ ಎಸ್ಸೆಸ್ಸೆಲ್ಸಿ ಪಾಸಾದವನು, ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ. ಇಂಗ್ಲಿಷು ಬೆರೆತ ವಿಷಯಕ್ಕೆಲ್ಲ ಮಾವನಿಗೆ ಅವನೇ ಗತಿ.

"ಕರುಳಿನ ತುದೀಲಿ ಬಾಲದ ಥರ ಒಂದಿರತ್ತೆ ಮಾವ. ಅದರಿಂದ ಏನೂ ಉಪಯೋಗ ಇಲ್ಲ."

"ಉಪಯೋಗ ಇಲ್ದಿದ್ ಮ್ಯಾಕೆ ಅದ್ಯಾಕೆ ಐತೆ ಅಲ್ಲಿ?"

"ಇದೆ, ಅಷ್ಟೆ. ಅದಕ್ಕೆ ಏನಾದ್ರೂ ಸಿಕ್ಕಾಕೊಂಡ್ರೆ ಊದ್ಕೊಳ್ಳತ್ತೆ. ಆಗ ಆಪರೇಷನ್ ಮಾಡಿ ಕತ್ತರಿಸ್ತಾರೆ."

"ಏನಾದ್ರೂ ಅಂದ್ರೆ? ನಾರು?"

"ನಾರೂ ಆಗಬಹುದು, ಆಲೂಗಡ್ಡೇನೂ ಆಗಬಹುದು," ಎಂದ ಚಿಕ್ಕಣ್ಣ, ಯಾಕೋ ಗೋಡೆಯ ಕಡೆ ನೋಡುತ್ತ.

ನಂಜುಂಡಪ್ಪ ಬೆಂಚಿನ ಮೇಲೆ ಕುಕ್ಕರಿಸಿದ.

ಸಂಗತಿ ಇಷ್ಟು. ನಂಜುಂಡಪ್ಪನ ಮೂರೆಕರೆ ಹೊಲದಲ್ಲಿ ಹೆಚ್ಚಿನದೆಲ್ಲ ವಿಜಯನಗರದ ಸೈಟುಗಳಿಗೆ ಹೋಗಿ, ಮನೆಯ ಹಿಂದೆ ದನದ ಕೊಟ್ಟಿಗೆ ಮತ್ತು ಒಂದು ಹಲಸಿನ ಮರ ಉಳಿದಿದ್ದವು. ಹೆರಿಗೆಗೆಂದು ತವರಿಗೆ ಬಂದ ನೀಲಮ್ಮನ ಕಾಲು ಊದಿದೆ ಎಂದು ಡಾಕ್ಟರು ಹೋದ ತಿಂಗಳೇ ಪಥ್ಯ ಹೇಳಿದ್ದರು. ಅದಕ್ಕೆ ನಂಜುಂಡಪ್ಪನ ಹೆಂಡತಿ ಹನುಮಕ್ಕ ತನ್ನದೂ ಹತ್ತು ಸೇರಿಸಿ, ಹಲಸಿನ ಹಣ್ಣಿನ ವಾಸನೆ ಕೂಡ ಮಗಳ ಮೂಗಿಗೆ ತಾಗಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ಆದರೆ ಆ ವರ್ಷ ಮರ ಬುಡದಿಂದಲೇ ಕಾಯಿ ಬಿಟ್ಟಿತ್ತು. ಭಾನುವಾರ ಸಂಜೆ ನೀಲಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಅಪ್ಪಾ, ನನ್ ಮನಸ್ಸು ಅರ್ಥ ಆಗೋದು ಈ ಮನೇಲಿ ನಿಂಗೊಬ್ಬನಿಗೇ ಕಣಪ್ಪ," ಎಂದಳು. ನಂಜುಂಡಪ್ಪ ಕೈಗೆ ಎಣ್ಣೆ ಸವರಿಕೊಂಡು, ಎಮ್ಮೆಯ ಹಿಂದೆ ಕೂತು ಹಣ್ಣು ಬಿಡಿಸಿದ. ಮಗಳು ಕಣ್ಣು ಮುಚ್ಚಿಕೊಂಡು ತಿಂದಳು. ಅದನ್ನು ನೋಡಿ ಅವನಿಗೆ, ಸೈಟಿನವರು ಈ ಮರವೊಂದನ್ನು ಬಿಟ್ಟದ್ದು ಸಾರ್ಥಕವಾಯಿತು ಅನ್ನಿಸಿತ್ತು.

ಸೋಮವಾರ ಬೆಳಿಗ್ಗೆ ನೋವು.

ಈಗ ಅವನ ಕಣ್ಣೆದುರು ಬೇರೇನೂ ಇಲ್ಲ. ಆ ಉಪಯೋಗವಿಲ್ಲದ ಬಾಲ, ಅದಕ್ಕೆ ಸುತ್ತಿಕೊಂಡ ಹಲಸಿನ ನಾರು. ನೀಲಮ್ಮನಿಗಿಂತ ಮುಂಚೆ ಹನುಮಕ್ಕನಿಗೆ ಎರಡು ಹೋಗಿದ್ದವು, ಒಂದಂತೂ ಇದೇ ಏಳನೇ ತಿಂಗಳಲ್ಲಿ. ಆ ವಿಷಯ ಇಬ್ಬರೂ ಆಡುತ್ತಿರಲಿಲ್ಲ. ಆದರೆ ಬೆಂಚಿನ ಆ ತುದಿಯಲ್ಲಿ ಸೆರಗು ಹೊದ್ದು ಕೂತ ಹನುಮಕ್ಕ ಏನು ನೆನೆಸಿಕೊಳ್ಳುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಕೆಂಗೇರಿಯಿಂದ ಚಿಕ್ಕಣ್ಣನ ತಾಯಿ ಮುನಿತಾಯಮ್ಮನೂ ಬಂದಳು. ಮದುವೆಯಲ್ಲಿ ಊಟದ ಪಂಕ್ತಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆದಾಗಿನಿಂದ ಬೀಗಿತ್ತಿಯರಿಬ್ಬರ ನಡುವೆ ಅಷ್ಟಕ್ಕಷ್ಟೆ. ಒಂದೇ ಬೆಂಚಿನಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಆ ಜಾಗದಲ್ಲಿ ನಂಜುಂಡಪ್ಪ ಕೂರಬೇಕಾಯಿತು.

"ದೃಷ್ಟಿ ಆಗೈತೆ," ಎಂದಳು ಮುನಿತಾಯಮ್ಮ, ಗಾಳಿಗೆ ಹೇಳುವ ಹಾಗೆ.

"ಯಾರ್ದೋ?" ಎಂದಳು ಹನುಮಕ್ಕ, ಅವಳೂ ಗಾಳಿಗೇ.

ಹನ್ನೆರಡಾಯಿತು. ಒಂದಾಯಿತು. ಊಟದ ಮಾತು ಯಾರೂ ಎತ್ತಲಿಲ್ಲ. ನಂಜುಂಡಪ್ಪನಿಗೆ ಹೊಸದೊಂದು ಯೋಚನೆ ಹತ್ತಿತು. ಲ್ಯಾಬಿನವರು ರಕ್ತ ನೋಡುತ್ತಾರೆ, ಸರಿ. ರಕ್ತದಲ್ಲಿ ಹಲಸಿನ ಹಣ್ಣು ಕಾಣುತ್ತದೆಯೆ? ಕಾಣದಿದ್ದರೆ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಗೊತ್ತಾಗದೆ ಬೇರೆ ಯಾವುದೋ ರೋಗಕ್ಕೆ ಔಷಧ ಕೊಟ್ಟುಬಿಟ್ಟರೆ? ಬಾಯಿ ಬಿಟ್ಟರೆ ಹನುಮಕ್ಕ ಇಲ್ಲೇ ಸಿಗಿದುಹಾಕುತ್ತಾಳೆ. ಬಿಡದಿದ್ದರೆ ಮಗಳ ಗತಿ?

ಎರಡೂವರೆಗೆ ಡಾಕ್ಟರ್ ಅಲಮೇಲು ಕಾರಿಡಾರಿನಲ್ಲಿ ಬರುತ್ತಿದ್ದದ್ದು ಕಂಡದ್ದೇ ತಡ, ನಂಜುಂಡಪ್ಪ ಎದ್ದು ಅಡ್ಡ ನಿಂತ.

"ಡಾಕ್ಟ್ರಮ್ಮ, ರಿಪೋರ್ಟ್ ಕಾಯ್ಬೇಡಿ. ರೋಗ ನಾನೇ."

"ಏನು?"

"ಹಲಸಿನ ಹಣ್ಣು. ಭಾನುವಾರ ನಾನೇ ಕೊಟ್ಟೆ. ಕದ್ದು, ಎಮ್ಮೆ ಹಿಂದೆ ಕೂತು."

"ಎಷ್ಟು?"

"ಎಂಟು ತೊಳೆ." ಡಾಕ್ಟರು ಸುಮ್ಮನೆ ನೋಡಿದರು. "ಹನ್ನೆರಡು." ಅವರು ಇನ್ನೂ ನೋಡುತ್ತಲೇ ಇದ್ದರು. "ಇಪ್ಪತ್ತು ಆಗಿರ್ಬೋದು ತಾಯಿ. ಎಣ್ಸಕ್ ಹೋಗ್ಲಿಲ್ಲ, ಕತ್ಲಾಗಿತ್ತು."

ಹೆಂಡತಿಯ ಕಡೆ ತಿರುಗುವ ಧೈರ್ಯ ಅವನಿಗೆ ಬರಲಿಲ್ಲ. ಬೆನ್ನಿನ ಹಿಂದೆ ಗುಡುಗು ಏಳುತ್ತದೆಂದು ಕುತ್ತಿಗೆ ಬಗ್ಗಿಸಿ ಕಾದ. ಎದ್ದದ್ದು ಬಿಕ್ಕಿ ಅಳುವ ದನಿ.

"ಅವರದೇನೂ ತಪ್ಪಿಲ್ಲ ಡಾಕ್ಟ್ರಮ್ಮ," ಎಂದಳು ಹನುಮಕ್ಕ. "ಭಾನುವಾರ ಬೆಳಿಗ್ಗೆ ನಾನು ಉಣಿಸೇಹಣ್ಣಿನ ಚಿಗಳಿ ಕುಟ್ಟಿ ಕೊಟ್ಟಿದ್ದೆ. ಉಪ್ಪು, ಬೆಲ್ಲ, ಮೆಣಸಿನ್ಕಾಯಿ ಎಲ್ಲಾ ಆಕಿ. ನಾಕು ಉಂಡೆ. ಬಸುರಿ ಬಾಯಿಗೆ ಬೇಕು ಅಂದ್ಲು, ತಡ್ಯಕಾಗ್ಲಿಲ್ಲ."

ನಂಜುಂಡಪ್ಪ ಈಗ ತಿರುಗಿದ. "ಚಿಗಳಿನಾ? ನಂಗೆ ಪಥ್ಯ ಹೇಳ್ಕೊಟ್ಟೋಳು ನೀನು!"

"ನೀನು ಸುಮ್ಕಿರಯ್ಯ, ಎಮ್ಮೆ ಹಿಂದೆ ಕೂತೋನೆ!"

ಅಷ್ಟರಲ್ಲಿ ಚಿಕ್ಕಣ್ಣ ಗಂಟಲು ಸರಿಮಾಡಿಕೊಂಡ. "ಡಾಕ್ಟ್ರೇ, ಭಾನುವಾರ ಮಧ್ಯಾಹ್ನ ನೋಡಕ್ಕೆ ಬಂದಾಗ ಒಂದು ಮಸಾಲೆ ದೋಸೆ ಕಟ್ಟಿಸ್ಕೊಂಡು ಬಂದಿದ್ದೆ."

"ಒಂದಾ?"

"ಎರಡು."

ಎಲ್ಲರ ಕಣ್ಣೂ ತಾವಾಗಿ ಮುನಿತಾಯಮ್ಮನ ಕಡೆ ಹೋದವು. ಅವಳು ಸೆಟೆದು ಕೂತೇ ಇದ್ದಳು. "ಎಲ್ರೂ ಯಾಕಂಗ್ ನೋಡ್ತೀರಾ? ನಾಟಿ ಕೋಳಿ ಸಾರು. ನನ್ ಸೊಸೆಗೆ ನಾನು ಕೊಡ್ಬಾರ್ದಾ? ಮಗ ಬರೋವಾಗ ಡಬ್ಬಿಲಿ ಆಕಿ ಕೊಟ್ ಕಳಿಸಿದ್ದೆ, ಅವ್ರವ್ವಂಗೆ ಕಾಣ್ದಂಗೆ ಕೊಡು ಅಂತ." ಆಮೇಲೆ ಅವಳ ದನಿಯೂ ಒಡೆಯಿತು. "ಮೆಣಸು ಸ್ವಲ್ಪ ಮುಂದಾಗಿತ್ತು."

ಡಾಕ್ಟರ್ ಅಲಮೇಲು ನಂಜುಂಡಪ್ಪ ಬಿಟ್ಟೆದ್ದ ಜಾಗದಲ್ಲಿ, ಬೀಗಿತ್ತಿಯರ ನಡುವೆ, ಮೆಲ್ಲನೆ ಕೂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಎರಡು ದೋಸೆ, ಕೋಳಿ ಸಾರು, ಚಿಗಳಿ, ಇಪ್ಪತ್ತು ತೊಳೆ. ಒಂದೇ ದಿನ. ಇದನ್ನೆಲ್ಲ ನಾನು ತಿಂದಿದ್ರೆ ಎದ್ದು ಕೂರ್ತಾ ಇರಲಿಲ್ಲ," ಎಂದರು.

ಅದನ್ನು ಕೇಳಿ ಯಾರಿಗೂ ನಗು ಬರಲಿಲ್ಲ. ಹನುಮಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮುನಿತಾಯಮ್ಮ ಡಾಕ್ಟರ ಬೆನ್ನ ಹಿಂದಿನಿಂದ ಕೈ ಚಾಚಿ ಅವಳ ಭುಜ ಮುಟ್ಟಿದಳು. "ಅಳ್ಬೇಡಿ ಬೀಗಿತ್ತಿ. ನಾಕು ಉಂಡೆ ಚಿಗಳಿ ಯಾವ್ ಲೆಕ್ಕ? ಸಾರಿಂದ್ಲೇ ಆಗಿರೋದು."

"ಇಲ್ಲ ಬುಡಿ, ನಿಮ್ ಸಾರು ಏನೂ ಮಾಡಕ್ಕಿಲ್ಲ. ಉಣಿಸೇಹಣ್ಣು ಕೆಟ್ಟದ್ದು."

"ಸಾರಿಗೆ ಮೆಣಸು..."

"ಹಣ್ಣು," ಎಂದು ನಂಜುಂಡಪ್ಪ ದನಿ ಏರಿಸಿದ. ತಪ್ಪು ತನ್ನ ಕೈತಪ್ಪಿ ಹೋಗುತ್ತಿದ್ದದ್ದು ಅವನಿಗೆ ಸಹಿಸಲಾಗಲಿಲ್ಲ. "ನಾರು ಇರೋದು ಹಣ್ಣಲ್ಲಿ!"

ಆಗ ನರ್ಸು ಒಂದು ಹಳದಿ ಲಕೋಟೆ ಹಿಡಿದು ಬಂದಳು. ಡಾಕ್ಟರು ಒಡೆದು ಓದಿದರು.

"ಅಪೆಂಡಿಕ್ಸ್ ಅಲ್ಲ. ಯೂರಿನ್ ಇನ್ಫೆಕ್ಷನ್, ಕಿಡ್ನಿವರೆಗೂ ಹೋಗಿದೆ. ಬಸುರಿಯರಿಗೆ ಬರತ್ತೆ. ಇಂಜೆಕ್ಷನ್ ಕೊಟ್ರೆ ಮೂರು ನಾಲ್ಕು ದಿನದಲ್ಲಿ ಕಮ್ಮಿ ಆಗತ್ತೆ. ಆಪರೇಷನ್ ಬೇಕಿಲ್ಲ, ಮಗುಗೂ ಏನೂ ಆಗಲ್ಲ."

"ಅಂದ್ರೆ... ತಿಂದಿದ್ದು?" ಎಂದ ನಂಜುಂಡಪ್ಪ.

"ತಿಂದಿದ್ದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ."

ಹನುಮಕ್ಕ ಡಾಕ್ಟರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಚಿಕ್ಕಣ್ಣ ಗೋಡೆಗೆ ಹಣೆ ಇಟ್ಟು ನಿಂತ. ಒಂದು ನಿಮಿಷ ಎಲ್ಲರೂ ಬರೀ ಸಂತೋಷದಲ್ಲಿದ್ದರು. ಎರಡನೇ ನಿಮಿಷದಲ್ಲಿ, ಹೇಳಬೇಕಾದ ಅಗತ್ಯವೇ ಇಲ್ಲದ್ದನ್ನೆಲ್ಲ ಹೇಳಿಬಿಟ್ಟಿದ್ದೇವೆಂದು ಒಬ್ಬೊಬ್ಬರಿಗೂ ಹೊಳೆಯಿತು.

"ಇಪ್ಪತ್ತು ತೊಳೆ!" ಎಂದಳು ಹನುಮಕ್ಕ.

ಅದರ ಮುಂದಿನ ಮಾತು ಕೇಳಲು ನಿಲ್ಲದೆ ನಂಜುಂಡಪ್ಪ ವಾರ್ಡಿನೊಳಗೆ ನುಗ್ಗಿದ. ನೀಲಮ್ಮ ದಿಂಬಿಗೆ ಒರಗಿದ್ದಳು. ಜ್ವರಕ್ಕೆ ಕೆನ್ನೆ ಬತ್ತಿದ್ದರೂ ಕಣ್ಣಿನಲ್ಲಿ ಗಾಬರಿ ಬೇರೆಯದೇ ಇತ್ತು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಅಪ್ಪಾ, ಎಲ್ಲಾ ಯಾಕಪ್ಪ ಬಾಯ್ಬುಟ್ರಿ?"

"ನನ್ ಮನಸ್ಸು ಅರ್ಥ ಆಗೋದು ನಿಂಗೊಬ್ಬನಿಗೇ ಅಂದಿದ್ದೆಯಲ್ಲ ಮಗ," ಎಂದ ನಂಜುಂಡಪ್ಪ. ಮಗಳು ಉಳಿದಳು ಎಂಬ ಸಮಾಧಾನದ ನಡುವೆಯೂ ಅವನಿಗೆ ಅದೊಂದು ಮುಳ್ಳು ಚುಚ್ಚುತ್ತಿತ್ತು. "ಅವ್ವಂಗೆ ಏನಂದಿದ್ದೆ?"

ನೀಲಮ್ಮ ಹೊದಿಕೆಯ ಅಂಚು ಎಳೆದುಕೊಂಡಳು.

"ಅದೇ."

"ಗಂಡಂಗೆ?"

"ಅದೇ."

"ಅತ್ತೆಗೆ? ಅವ್ರು ಬಂದೇ ಇರ್ಲಿಲ್ವಲ್ಲ."

"ಕಾಗದ ಬರೆದಿದ್ದೆ," ಎಂದಳು ನೀಲಮ್ಮ, ಇಷ್ಟೇ ದನಿಯಲ್ಲಿ.

ನಂಜುಂಡಪ್ಪ ಸಿಟ್ಟು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದ ನೀಲಮ್ಮ ಇದ್ದಕ್ಕಿದ್ದಂತೆ, "ಒದೀತಾ ಐತೆ ಕಣಪ್ಪ," ಎಂದು ನಕ್ಕಳು. ಅವನು ಮಗಳ ತಲೆ ಸವರಿ ಹೊರಗೆ ಬಂದ. ಬೆಂಚಿನ ಮೇಲೆ ಬೀಗಿತ್ತಿಯರಿಬ್ಬರೂ ನಡುವೆ ಜಾಗವಿಲ್ಲದಂತೆ ಕೂತು, ಗಂಡಸರಿಗೆ ಹೇಗೆ ಬುದ್ಧಿಯಿಲ್ಲ ಎಂದು ಮಾತಾಡುತ್ತಿದ್ದರು. ಅವನನ್ನು ಕಂಡು ಮಾತು ನಿಲ್ಲಿಸಲೂ ಇಲ್ಲ.

ರಸ್ತೆಗಿಳಿದ ಮೇಲೆ ಅವನಿಗೆ ನಿನ್ನೆಯಿಂದ ಏನೂ ತಿಂದಿಲ್ಲವೆಂದು ಗೊತ್ತಾಯಿತು. ಮೂಲೆಯ ಹೋಟೆಲಿಗೆ ಹೋಗಿ ಇಡ್ಲಿ ಹೇಳಿದ. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಕಣ್ಣೀರು ಬಳಬಳನೆ ಇಳಿಯತೊಡಗಿತು. ಒರೆಸಿಕೊಂಡಷ್ಟೂ ಬಂತು.

ಸಪ್ಲೈಯರ್ ಹತ್ತಿರ ಬಂದು ಬಗ್ಗಿದ. "ಯಾಕ್ ಯಜಮಾನ್ರೇ, ಚಟ್ನಿ ಖಾರ ಆಯ್ತಾ?"

"ಊಂ ಕಣಪ್ಪ," ಎಂದ ನಂಜುಂಡಪ್ಪ. "ಇನ್ನೊಂದು ಸೌಟು ಆಕು."